ಶಾನ್ ಮೇರಿಯನ್ ಎಲ್ಲಿ?

ಬಾಗಲಕೋಟೆಯ ನವನಗರದಿಂದ ಲೇಖನ ಕಳುಹಿಸಿರುವ ತರುಣ ಲೇಖಕರಿಗೆ ನಮಸ್ಕಾರ.

‘ದುಬಾರಿ ಹಿರಿಯ ಸೆಂಟರ್ ತಂಡಕ್ಕೆ ಬೇಕೇ?’ ಎಂಬ, ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರರನ್ನು ಕುರಿತ ನಿಮ್ಮ ಬರಹ ಓದಿದೆ. ಬ್ಯಾಸ್ಕೆಟ್‌ಬಾಲ್ ಕುರಿತು ನಮ್ಮ ಭಾಗದಿಂದ ಲೇಖನ ಬರುವುದೇ ಅಪರೂಪ. ಭಾಷೆ ತಿಳಿಯಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ಆಟ ಬಲ್ಲವರು ಬರೆದದ್ದೆಂದು ಗೊತ್ತಾಗುತ್ತದೆ. ಆದರೆ ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಎರಡು ದಿನವಾದರೂ ಅದು ಇಳಿಯಲಿಲ್ಲ. ಅದಕ್ಕಾಗಿ, ‘ಪ್ರಕಟಣೆಗೆ ಸ್ವೀಕರಿಸಿಲ್ಲ’ ಎಂಬ ಒಂದು ಸಾಲಿನ ಬದಲು ಈ ಉತ್ತರ.

ನೀವು ಆರಿಸಿಕೊಂಡ ಉದಾಹರಣೆ 2008ರದು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೀನಿಕ್ಸ್ ಸನ್ಸ್ ತಂಡ ಆ ವರ್ಷದ ಫೆಬ್ರುವರಿಯಲ್ಲಿ ಮಯಾಮಿ ಹೀಟ್ ತಂಡದಿಂದ ಸೆಂಟರ್ ಶಾಕಿಲ್ ಓನೀಲ್ ಅವರನ್ನು ಕರೆತಂದಿತು. ನಿಮ್ಮ ಮೊದಲ ವಾಕ್ಯ ಹೀಗಿದೆ: “36 ವರ್ಷದ ಮುದಿ ಎತ್ತನ್ನು ವರ್ಷಕ್ಕೆ 2 ಕೋಟಿ ಡಾಲರ್ ತೆತ್ತು ಕೊಂಡ ಫೀನಿಕ್ಸ್ ಕೈ ಸುಟ್ಟುಕೊಂಡಿತು.”

ಈ ಒಂದು ವಾಕ್ಯದಲ್ಲೇ ಇಡೀ ಲೇಖನದ ರೋಗವಿದೆ. ವಯಸ್ಸಿನಿಂದ ಶುರು ಮಾಡೋಣ. ಓನೀಲ್ ಹುಟ್ಟಿದ್ದು 1972ರ ಮಾರ್ಚ್ 6ರಂದು. ಒಪ್ಪಂದವಾದ ದಿನ ಅವರಿಗೆ 35. ಒಂದು ತಿಂಗಳ ವ್ಯತ್ಯಾಸ ಏನು ಮಹಾ ಎಂದು ನಿಮಗೆ ಅನ್ನಿಸಬಹುದು. ವಯಸ್ಸೇ ನಿಮ್ಮ ವಾದದ ತಳಪಾಯವಾಗಿರುವಾಗ ಆ ಅಂಕಿಯನ್ನು ನೀವು ತಪ್ಪಬಾರದು.

ಇನ್ನು ‘ಮುದಿ ಎತ್ತು’. ಇದನ್ನು ನೀವು ನಾಲ್ಕು ಕಡೆ ಬಳಸಿದ್ದೀರಿ. ನಾನು ಇಂಡಿ ತಾಲ್ಲೂಕಿನ ಒಕ್ಕಲು ಮನೆಯವನು. ನಮ್ಮ ತಂದೆ ಹೊಸ ಹೋರಿಯನ್ನು ಪಳಗಿಸುವಾಗ ಅದರ ಜೋಡಿಗೆ ಕಟ್ಟುತ್ತಿದ್ದುದು ಮನೆಯ ಹಳೆಯ ಎತ್ತನ್ನೇ. ಕೂರಿಗೆ ಹೂಡಿದಾಗ ಸಾಲು ಡೊಂಕಾಗದಂತೆ ನಡೆಯುವುದು ಅದಕ್ಕೆ ಗೊತ್ತಿರುತ್ತಿತ್ತು, ಹೋರಿ ಅದರ ಹೆಜ್ಜೆ ನೋಡಿ ಕಲಿಯುತ್ತಿತ್ತು. ಬಾಗಲಕೋಟೆಯಲ್ಲಿ ಬೆಳೆದ ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಎತ್ತಿನ ಹೋಲಿಕೆ ತರುವುದಾದರೆ ನೀವು ಕಣ್ಣಾರೆ ಕಂಡ ಎತ್ತನ್ನು ತನ್ನಿ.

ಆ ಮಾತು ಅಂಕಿ ಅಂಶಗಳಿಗೂ ಒಪ್ಪುವುದಿಲ್ಲ. 2008-09ರ ಋತುವಿನಲ್ಲಿ ಓನೀಲ್ 82ರಲ್ಲಿ 75 ಪಂದ್ಯ ಆಡಿದರು, ಪಂದ್ಯಕ್ಕೆ ಸರಾಸರಿ 17.8 ಅಂಕ ಗಳಿಸಿದರು, ಲೀಗಿನ ತಾರೆಯರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಅದೇ ಋತುವಿನಲ್ಲಿ ಫೀನಿಕ್ಸ್ ಗೆದ್ದದ್ದು 46 ಪಂದ್ಯ ಮಾತ್ರ, ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಹಂತಕ್ಕೂ ಹೋಗಲಿಲ್ಲ. ಹಿಂದಿನ ಋತುವಿನಲ್ಲಿ ಅದೇ ತಂಡ 55 ಗೆದ್ದಿತ್ತು. ಹಿರಿಯ ಆಟಗಾರ ಚೆನ್ನಾಗಿಯೇ ಆಡಿದರೂ ತಂಡ ಏಕೆ ಕುಸಿಯಿತು? ಬರೆಯಬೇಕಾಗಿದ್ದುದು ಇದನ್ನು. ನಿಮ್ಮ ಲೇಖನ ಈ ಪ್ರಶ್ನೆಯ ಪಕ್ಕದಲ್ಲೇ ಹಾದು ಹೋಗಿದೆ, ತಿರುಗಿ ನೋಡಿಲ್ಲ.

ಕಾರಣ ‘ಕೊಂಡ’ ಎಂಬ ಪದದಲ್ಲಿದೆ. ಎನ್‌ಬಿಎಯಲ್ಲಿ ಒಪ್ಪಂದ ಇರುವ ಆಟಗಾರನನ್ನು ದುಡ್ಡು ಕೊಟ್ಟು ಸಂತೆಯಲ್ಲಿ ಕೊಂಡಂತೆ ಕೊಳ್ಳಲಾಗದು. ಸಂಬಳದ ಮಿತಿ ದಾಟಿದ ತಂಡ ಒಬ್ಬನನ್ನು ತರಬೇಕಾದರೆ, ಹೆಚ್ಚುಕಡಿಮೆ ಅಷ್ಟೇ ಸಂಬಳದವರನ್ನು ಆ ಕಡೆಗೆ ಕಳುಹಿಸಬೇಕು. ಒಪ್ಪಂದವಾದ 2007-08ರ ಋತುವಿನ ಮಿತಿ ತಂಡಕ್ಕೆ ಸುಮಾರು 5.56 ಕೋಟಿ ಡಾಲರ್. ಒಬ್ಬ ಓನೀಲ್ ಅವರ ಸಂಬಳವೇ ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು. ಅಷ್ಟು ದೊಡ್ಡ ಸಂಬಳಕ್ಕೆ ಸರಿದೂಗಿಸಲು ಫೀನಿಕ್ಸ್ ಕಳುಹಿಸಿದ್ದು ಶಾನ್ ಮೇರಿಯನ್ ಮತ್ತು ಮಾರ್ಕಸ್ ಬ್ಯಾಂಕ್ಸ್ ಅವರನ್ನು.

ನಿಮ್ಮ ಲೇಖನದಲ್ಲಿ 2 ಕೋಟಿ ಡಾಲರ್ ಏಳು ಸಲ ಬಂದಿದೆ. ಮೇರಿಯನ್ ಹೆಸರು ಒಮ್ಮೆಯೂ ಇಲ್ಲ.

ನನಗೆ ಸಿಟ್ಟು ಬಂದದ್ದು ಇದಕ್ಕೆ. ಮೇರಿಯನ್ ಆಗ 29ರ ಹರೆಯದವರು, ನಾಲ್ಕು ಬಾರಿ ಆಲ್‌ಸ್ಟಾರ್ ಆಗಿದ್ದವರು. ಫೀನಿಕ್ಸ್‌ನ ಸ್ಟೀವ್ ನ್ಯಾಶ್ ಚೆಂಡು ಹಿಡಿದು ಓಡಿದರೆ ಅಂಚಿನಿಂದ ಅವರ ಜೊತೆಗೆ ನುಗ್ಗುತ್ತಿದ್ದವರು, ಎದುರಾಳಿಯ ಗಾರ್ಡ್‌ನಿಂದ ಹಿಡಿದು ದೊಡ್ಡ ಫಾರ್ವರ್ಡ್‌ವರೆಗೆ ಯಾರನ್ನಾದರೂ ತಡೆಯಬಲ್ಲವರು. “ಓನೀಲ್ ಆಗಮನದಿಂದ ತಂಡದ ವೇಗ ಕುಂಠಿತವಾಯಿತು” ಎಂದು ನೀವು ಬರೆದಿದ್ದೀರಿ. ಅರ್ಧ ಸತ್ಯ. ಬಂದವರು ನಿಧಾನದವರು ಎಂಬುದಷ್ಟೇ ಅಲ್ಲ, ಹೋದವರು ಓಡುತ್ತಿದ್ದವರು. ಮೇರಿಯನ್ ಮುಂದೆ 2011ರಲ್ಲಿ ಡಲ್ಲಾಸ್ ತಂಡದೊಂದಿಗೆ ಚಾಂಪಿಯನ್ ಆದರು. ಇಂಥವರನ್ನು ಬಿಟ್ಟು ಬೆಲೆಯ ಲೆಕ್ಕ ಹೇಗೆ ಬರೆದಿರಿ?

ಇಲ್ಲಿ ನನ್ನ ಕಥೆಯನ್ನೂ ಹೇಳಬೇಕು. ಬೆಳಗಾವಿಯ ಒಂದು ದಿನಪತ್ರಿಕೆಯಲ್ಲಿ ನಾನು ತರಬೇತಿಗೆ ಸೇರಿದ ಹೊಸದರಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಫೈನಲ್‌ಗೆ ಕಳುಹಿಸಿದ್ದರು. ಒಂದು ತಂಡ ಸೈನ್ಯದಿಂದ ನಿವೃತ್ತರಾದ ಎತ್ತರದ ಆಟಗಾರರೊಬ್ಬರನ್ನು ಫೈನಲ್‌ಗೆಂದೇ ಪಿವಟ್ ಆಗಿ, ಅಂದರೆ ಸೆಂಟರ್ ಆಗಿ, ಇಳಿಸಿತ್ತು. ನಲವತ್ತರ ಸಮೀಪದವರು. ನಾನು ಅವರ ಎತ್ತರ, ಬಿಳಿಗೂದಲು, ದ್ವಿತೀಯಾರ್ಧದ ಏದುಸಿರು ಎಲ್ಲವನ್ನೂ ಎರಡು ಪ್ಯಾರಾ ತುಂಬ ಬರೆದು ಹಿರಿಯ ಉಪಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಓದಿ ಕೇಳಿದ್ದು ಒಂದೇ ಮಾತು: “ಇವರಿಗಾಗಿ ಹೊರಗೆ ಕುಳಿತ ಹುಡುಗ ಯಾರು?”

ನನಗೆ ಗೊತ್ತಿರಲಿಲ್ಲ. ರಾತ್ರಿ ಒಂಬತ್ತಕ್ಕೆ, ಜಿಟಿಜಿಟಿ ಮಳೆಯಲ್ಲಿ ಸೈಕಲ್ ತುಳಿದುಕೊಂಡು ಆ ತಂಡ ಇಳಿದುಕೊಂಡಿದ್ದ ಕಡೆಗೆ ಹೋದೆ. ಲೀಗ್ ಹಂತದ ಎಲ್ಲ ಪಂದ್ಯ ಆಡಿದ್ದ ಗೋಕಾಕ ಕಡೆಯ ಹುಡುಗ ಅವನು. ಬಹುಮಾನ ವಿತರಣೆಗೂ ನಿಲ್ಲದೆ ಊರಿನ ಬಸ್ ಹತ್ತಿದ್ದ. ಅಷ್ಟನ್ನೇ ತಿಳಿದುಕೊಂಡು ಬಂದು ಹೇಳಿದೆ. ಹಿರಿಯರು ನನ್ನ ಎರಡೂ ಪ್ಯಾರಾ ಹೊಡೆದುಹಾಕಿ ಆ ಒಂದು ಸಾಲನ್ನು ಉಳಿಸಿಕೊಂಡರು. ಅಂದು ನನಗೆ ಅಳು ಬಂದಿತ್ತು. ಅವರು ಈಗ ಇಲ್ಲ. ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದದ್ದು ಅವರದೇ ಪ್ರಶ್ನೆ.

ಕೊನೆಯ ವಾಕ್ಯಕ್ಕೆ ಬರುತ್ತೇನೆ. “ಹಿರಿಯ ಸೆಂಟರ್ ಬೇಕೋ ಬೇಡವೋ ಎಂಬುದಕ್ಕೆ ಕಾಲವೇ ಉತ್ತರ ಹೇಳಬೇಕು.” ಕಾಲ ಉತ್ತರ ಹೇಳಿ ಎಷ್ಟೋ ವರ್ಷಗಳಾದವು! 2005 ಮತ್ತು 2007ರಲ್ಲಿ ತಮ್ಮನ್ನು ಪ್ಲೇಆಫ್‌ನಲ್ಲಿ ಸೋಲಿಸಿದ್ದ ಸ್ಯಾನ್ ಆಂಟೋನಿಯೊ ತಂಡದ ಟಿಮ್ ಡಂಕನ್ ಎದುರು ನಿಲ್ಲಲು ದೊಡ್ಡ ದೇಹ ಬೇಕೆಂಬುದು ಫೀನಿಕ್ಸ್‌ನ ಲೆಕ್ಕವಾಗಿತ್ತು. 2008ರ ಮೊದಲ ಸುತ್ತಿನಲ್ಲೇ ಅದೇ ಸ್ಯಾನ್ ಆಂಟೋನಿಯೊ ಫೀನಿಕ್ಸ್ ತಂಡವನ್ನು 4-1 ಪಂದ್ಯಗಳಿಂದ ಸೋಲಿಸಿತು. 2009ರ ಜೂನ್‌ನಲ್ಲಿ ಓನೀಲ್ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕಳುಹಿಸಿದರು. ಬದಲಿಗೆ ಪಡೆದ ಬೆನ್ ವ್ಯಾಲೇಸ್, ಸಾಶಾ ಪಾವ್ಲೋವಿಚ್ ಇಬ್ಬರೂ ಫೀನಿಕ್ಸ್ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ.

ಹಾಗೆಂದು ಹಿರಿಯ ಸೆಂಟರ್ ಬೇಡವೇ ಬೇಡ ಎನ್ನಬೇಕಾಗಿಲ್ಲ. 2019ರ ಫೆಬ್ರುವರಿಯಲ್ಲಿ ಟೊರಾಂಟೊ ತಂಡ 34 ವರ್ಷದ ಮಾರ್ಕ್ ಗಸೋಲ್ ಅವರನ್ನು ತಂದಿತು. ಅವರ ಸಂಬಳವೂ ಆ ಋತುವಿಗೆ 2.4 ಕೋಟಿ ಡಾಲರ್. ಯೋನಸ್ ವಲಾನ್ಚ್ಯೂನಸ್ ಸೇರಿ ಮೂವರನ್ನು ಬಿಟ್ಟುಕೊಟ್ಟರು, ಆದರೆ ಹೋದ ಸೆಂಟರ್‌ನ ಜಾಗಕ್ಕೆ ಬಂದವರೂ ಸೆಂಟರೇ. ತಂಡದ ಮುಖ್ಯ ಆಟಗಾರರಾದ ಕವಾಯ್ ಲೆನರ್ಡ್, ಕೈಲ್ ಲೌರಿ ಇದ್ದಲ್ಲೇ ಇದ್ದರು. ಗಸೋಲ್ ಚೆಂಡನ್ನು ಚೆನ್ನಾಗಿ ಹಂಚಿದರು, ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್ ಅವರನ್ನು ಕಟ್ಟಿಹಾಕಿದರು. ಜೂನ್‌ನಲ್ಲಿ ಟೊರಾಂಟೊ ಚಾಂಪಿಯನ್ ಆಯಿತು. ನನ್ನನ್ನು ಕೇಳಿದರೆ ಟೊರಾಂಟೊದಂತೆ ತರಬೇಕು, ಫೀನಿಕ್ಸ್‌ನಂತೆ ತರಬಾರದು. ನೀವು ಇದಕ್ಕೆ ವಿರುದ್ಧವಾಗಿ ವಾದಿಸಿದರೂ ಸಂತೋಷದಿಂದ ಪ್ರಕಟಿಸುತ್ತೇನೆ, ಆದರೆ ಒಂದು ಪಕ್ಷ ಹಿಡಿಯಿರಿ.

ಉಳಿದ ಪ್ಯಾರಾಗಳನ್ನು ನಾನು ಮುಟ್ಟಿಲ್ಲ. ಮೇರಿಯನ್ ಅವರಿಂದ ಆರಂಭಿಸಿ ಮತ್ತೆ ಬರೆದು ಕಳುಹಿಸಿ. ಮುಂದಿನ ತಿಂಗಳ ಕ್ರೀಡಾ ಪುಟದಲ್ಲಿ ಒಂಬೈನೂರು ಪದಗಳ ಜಾಗವನ್ನು ನಿಮಗಾಗಿ ಇಟ್ಟಿದ್ದೇನೆ.