ಕೆರಟೋಕೋನಸ್: ಆರು ತಿಂಗಳಲ್ಲಿ ಕೆ-ಮ್ಯಾಕ್ಸ್ 51.2ರಿಂದ 52ಕ್ಕೆ ಏರಿದೆ. ಕಾಯಿಲೆ ಹೆಚ್ಚಾಗಿದೆಯೇ?

ಈ ಒಂದು ಅಂಕಿಯಿಂದ ಹೇಳಲಾಗದು. ಕೆರಟೋಕೋನಸ್ ಎಂದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೆಳುವಾಗಿ ಶಂಕುವಿನಂತೆ ಉಬ್ಬುವ ಕಾಯಿಲೆ. ಕೆ-ಮ್ಯಾಕ್ಸ್ ಎಂದರೆ ಕಾರ್ನಿಯಾದ ಮುಂಭಾಗದ ಅತಿ ಕಡಿದಾದ ಒಂದೇ ಬಿಂದುವಿನ ವಕ್ರತೆ. ಒಂದೇ ದಿನ ಅದೇ ಕಣ್ಣನ್ನು ಮೂರು ಸಲ ಸ್ಕ್ಯಾನ್ ಮಾಡಿದರೂ ಅದು ಸ್ವಲ್ಪ ಹಿಂದುಮುಂದಾಗುತ್ತದೆ. ಉಬ್ಬು ಕಡಿದಾದಷ್ಟೂ ಈ ಏರುಪೇರು ಜಾಸ್ತಿ. ವರ್ಷದೊಳಗೆ 1 ಡಯಾಪ್ಟರ್ (ಕೆ-ಮ್ಯಾಕ್ಸ್ ಅಳೆಯುವ ಮಾನ) ಏರಿದರೆ ಉಲ್ಬಣ ಎನ್ನುವುದು ಹಲವರು ಬಳಸುವ ಅಳತೆಗೋಲು. ಮುಂದುವರಿದ ಹಂತದ ಕಣ್ಣಿಗೆ ಅಷ್ಟು ವ್ಯತ್ಯಾಸ ಸಾಕಾಗುವುದಿಲ್ಲ.

ಮೊದಲು ಕೇಳಬೇಕಾದ್ದು ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ. ಗಟ್ಟಿ ಲೆನ್ಸ್ ಕಾರ್ನಿಯಾವನ್ನು ಒತ್ತಿ ಚಪ್ಪಟೆ ಮಾಡಿರುತ್ತದೆ. ಹಿಂದಿನ ಸಲ ಮುಂಚಿನ ರಾತ್ರಿಯಷ್ಟೇ ತೆಗೆದು, ಈ ಸಲ ಮೂರು ವಾರ ಬಿಟ್ಟಿದ್ದರೆ, ಕಾಯಿಲೆ ನಿಂತಲ್ಲೇ ಇದ್ದರೂ ಅಂಕಿ ಏರುತ್ತದೆ. ಮೃದು ಲೆನ್ಸ್ ಕನಿಷ್ಠ 1 ವಾರ, ಗಟ್ಟಿಯದು 2ರಿಂದ 4 ವಾರ ಬಿಟ್ಟಿರಬೇಕು, ಪ್ರತಿ ಸಲವೂ ಅಷ್ಟೇ ದಿನ.

ಸ್ಕ್ಯಾನ್‌ಗೆ ಮುನ್ನ ಕಣ್ಣು ಮಿಟುಕಿಸಿ. ಕಣ್ಣೀರ ಪದರ ಒಡೆದರೆ ನಕ್ಷೆಯಲ್ಲಿ ಹರಿದಂಥ ಕಲೆಗಳು ಕಾಣುತ್ತವೆ. ರೆಪ್ಪೆ ಎತ್ತುವ ಬೆರಳು ಹುಬ್ಬಿನ ಮೂಳೆಯ ಮೇಲಿರಲಿ, ಗುಡ್ಡೆಯ ಮೇಲಲ್ಲ. ಬೇರೆ ಯಂತ್ರದ ವರದಿಯೊಂದಿಗೆ ಹೋಲಿಸಲೇಬೇಡಿ.

ಟೋಮೋಗ್ರಫಿ (ಕಾರ್ನಿಯಾದ ಎರಡೂ ಬದಿಯ ಆಕಾರ ಮತ್ತು ದಪ್ಪ ಅಳೆಯುವ ಸ್ಕ್ಯಾನ್) ವರದಿಯಲ್ಲಿ ಕಾರ್ನಿಯಾದ ಹಿಂಭಾಗದ ವಕ್ರತೆ ಮತ್ತು ಅತಿ ತೆಳುವಾದ ಜಾಗದ ದಪ್ಪವನ್ನೂ ನೋಡಿ. ನಡುವಿನ ದಪ್ಪ ಸಾಲದು, ತೆಳು ಜಾಗ ಸಾಮಾನ್ಯವಾಗಿ ಕೆಳಗೆ, ಕಿವಿಯ ಕಡೆಗಿರುತ್ತದೆ. ಮುಂಭಾಗದ ವಕ್ರತೆ, ಹಿಂಭಾಗದ ವಕ್ರತೆ, ತೆಳು ಜಾಗದ ದಪ್ಪ, ಈ ಮೂರರಲ್ಲಿ ಎರಡಾದರೂ ಒಟ್ಟಿಗೆ ಹದಗೆಟ್ಟಿದ್ದರೆ ಉಲ್ಬಣ ಎಂದು ನಂಬಬಹುದು. ಹದಿಹರೆಯದವರಾದರೆ ಆರು ತಿಂಗಳು ಕಾಯದೆ ಮೂರು ತಿಂಗಳಿಗೇ ಮರುಪರೀಕ್ಷೆ ಮಾಡಿಸಿ, ಅವರಲ್ಲಿ ಇದು ಬಹಳ ಬೇಗ ಬೆಳೆಯಬಲ್ಲದು.