ಸಂಪಾದಕರ ಉತ್ತರ: ಮೊಬೈಲ್ ಪುಣೆಯಲ್ಲಿ, ಮಕ್ಕಳು ಜೇವರ್ಗಿಯಲ್ಲಿ

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಿಂದ ಪತ್ರ ಬರೆಸಿದ ಆಯಿಯವರಿಗೆ ಶರಣು.

ನಿಮ್ಮ ಪತ್ರ 2025ರ ನವೆಂಬರ್ ಮೂರನೇ ವಾರ ಕೈಸೇರಿತು. ಹೇಳಿದವರು ನೀವು, ಬರೆದವಳು ನಾಲ್ಕನೇ ತರಗತಿಯ ಮೊಮ್ಮಗಳು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ಪೆನ್ಸಿಲಿನ ಅಕ್ಷರ. ‘ಪಾಲಕರು’ ಎಂಬಲ್ಲಿ ಮೊದಲು ‘ಫಾಲಕರು’ ಎಂದು ಬರೆದು, ರಬ್ಬರಿನಿಂದ ಉಜ್ಜಿದ ರಭಸಕ್ಕೆ ಹಾಳೆ ತೂತಾಗಿದೆ. ಆ ತೂತನ್ನು ಸುತ್ತಿ ಹಾಕಿಕೊಂಡು ಸಾಲು ಮುಂದೆ ಹೋಗಿದೆ. ತಪ್ಪು ತಿದ್ದುವುದೇ ಕಸುಬಾಗಿರುವ ನಮ್ಮ ಕಚೇರಿಯಲ್ಲಿ ಆ ಹಾಳೆ ಮೇಜಿನಿಂದ ಮೇಜಿಗೆ ತಿರುಗಿತು.

ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ಮಗ, ಸೊಸೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ನಾಲ್ಕನೇ ತರಗತಿಯ ಹುಡುಗಿ, ಒಂದನೇ ತರಗತಿಯ ಹುಡುಗ ಆಯಿಯ ಹತ್ತಿರ ಇದ್ದಾರೆ. ಶಾಲೆಯ ಸೂಚನೆಗಳೆಲ್ಲ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತವೆ. ಆ ಗುಂಪಿನಲ್ಲಿರುವುದು ಮಗನ ನಂಬರ್. ಆಯಿಯ ಬಳಿ ಇರುವುದು ಗುಂಡಿ ಒತ್ತುವ ಸಣ್ಣ ಮೊಬೈಲ್. ನವೆಂಬರ್ 14ರಂದು ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಮಗ ಅಂದು ಸ್ಲ್ಯಾಬ್ ಹಾಕುವ ಕೆಲಸದಲ್ಲಿದ್ದ, ಮೊಬೈಲ್ ಊಟದ ಚೀಲದಲ್ಲಿತ್ತು. ರಾತ್ರಿ ಫೋನ್ ಮಾಡಿ, ‘ಅವ್ವ, ಸಭೆಗೆ ಹೋಗಿದ್ದೆಯಾ?’ ಎಂದು ಕೇಳಿದ. ‘ನೂರಾರು ಮೈಲಿ ದೂರ ಇರುವವನಿಗೆ ಗೊತ್ತಾಗುವ ಸುದ್ದಿ, ಶಾಲೆಯ ಗಂಟೆ ಕೇಳಿಸುವಷ್ಟು ಹತ್ತಿರ ಇರುವ ನನಗೆ ಏಕೆ ಗೊತ್ತಾಗುವುದಿಲ್ಲ?’ ಎಂದು ನೀವು ಬರೆಸಿದ್ದೀರಿ. ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳಿವೆ. ತೊಗರಿ ರಾಶಿ ಮುಗಿದ ಮೇಲೆ ಮಕ್ಕಳನ್ನೂ ಪುಣೆಗೆ ಕರೆದುಕೊಂಡು ಹೋದರೆ ಶಾಲೆಯಲ್ಲಿ ಹೆಸರು ತೆಗೆಯುತ್ತಾರೆಯೇ, ಸಣ್ಣವನಿಗೆ ಹೋಂವರ್ಕ್ ಏಕೆ ಕೊಡುವುದಿಲ್ಲ, ಶಾಲೆಯಲ್ಲಿ ಬರೀ ಅನ್ನ ಉಂಡರೆ ಮಕ್ಕಳಿಗೆ ಕಸುವು ಎಲ್ಲಿಂದ ಬರಬೇಕು ಎಂದು ಕೇಳಿದ್ದೀರಿ.

ಮೊದಲು ಸಭೆಯ ಮಾತು. ಪಕ್ಕದ ಮನೆಯವರ ಮೊಬೈಲ್ ನೋಡಿ ಹುಡುಗಿ ಆ ಸೂಚನೆಯನ್ನೂ ಪತ್ರದಲ್ಲಿ ನಕಲು ಮಾಡಿದ್ದಾಳೆ: ‘ಸದರಿ ದಿನದಂದು ಶಾಲಾ ಆವರಣದಲ್ಲಿ ಜರುಗುವ ಸಭೆಗೆ ಎಲ್ಲಾ ವಿದ್ಯಾರ್ಥಿಗಳ ತಂದೆ-ತಾಯಿಯವರು ಕಡ್ಡಾಯವಾಗಿ ಹಾಜರಾಗತಕ್ಕದ್ದು.’ ಇದನ್ನು ಬರೆದ ಶಿಕ್ಷಕರು ತರಗತಿಯಲ್ಲಿ ಹೀಗೆ ಮಾತನಾಡುವುದಿಲ್ಲ ಎಂದು ಖಂಡಿತ ಹೇಳಬಲ್ಲೆ. ಮೇಲಿನಿಂದ ಬಂದ ಸುತ್ತೋಲೆಯ ಭಾಷೆ ಅವರ ಬೆರಳಿಗೂ ಅಂಟಿಕೊಂಡಿದೆ, ಅಷ್ಟೇ. ನಮ್ಮ ಮೇಜಿಗೆ ಬಂದಿದ್ದರೆ ಹೀಗೆ ತಿದ್ದುತ್ತಿದ್ದೆವು: ‘ಶುಕ್ರವಾರ ಬೆಳಿಗ್ಗೆ ಶಾಲೆಗೆ ಬನ್ನಿ. ಮಗು ಯಾರ ಮನೆಯಲ್ಲಿ ಉಂಡು ಮಲಗುತ್ತದೆಯೋ ಅವರು ಬರಬೇಕು.’ ತಂದೆ-ತಾಯಿ ಎಂದು ಬರೆದಿರುವಾಗ, ಸುದ್ದಿ ಮೊದಲೇ ತಿಳಿದಿದ್ದರೂ ‘ಅದು ನನಗಲ್ಲ’ ಎಂದು ನೀವು ಸುಮ್ಮನಾಗುತ್ತಿದ್ದಿರೇನೋ.

ಅದು ನಿಮಗೂ ಹೌದು. 2009ರ ಶಿಕ್ಷಣ ಹಕ್ಕು ಕಾಯ್ದೆ ತಂದೆ-ತಾಯಿಯ ಜೊತೆಗೆ ಪೋಷಕರು ಎಂದು ಬೇರೆಯಾಗಿಯೇ ಹೇಳುತ್ತದೆ. ಮಗುವನ್ನು ಸಾಕುತ್ತಿರುವವರೂ ಅದರಲ್ಲಿ ಸೇರುತ್ತಾರೆ. ಊರಲ್ಲಿ ಎಲ್ಲರೂ ಎಸ್‌ಡಿಎಂಸಿ ಎನ್ನುವ ಶಾಲಾಭಿವೃದ್ಧಿ ಸಮಿತಿಯ ವಿಷಯದಲ್ಲೂ ಅಷ್ಟೇ. ಕಾಯ್ದೆಯ ಪ್ರಕಾರ ಇಂಥ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆ-ತಾಯಿ ಅಥವಾ ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಸಹಿ ಬಾರದವರು ಸಭೆಗೆ ಬರಬಾರದು ಎಂದು ಎಲ್ಲಿಯೂ ಬರೆದಿಲ್ಲ. ಹೆಬ್ಬೆಟ್ಟು ಒತ್ತಿ ಕುಳಿತುಕೊಳ್ಳಿ. ನಮ್ಮ ಭಾಗದ ಎಷ್ಟೋ ಹಳ್ಳಿಗಳಲ್ಲಿ ದೀಪಾವಳಿ ಕಳೆದ ಮೇಲೆ ಶಾಲೆಗೆ ಮಕ್ಕಳನ್ನು ಕಳಿಸುವವರು ಆಯಿ, ಮುತ್ತ್ಯಾನೇ. ಅವರನ್ನು ಬಿಟ್ಟು ಪಾಲಕರ ಸಭೆ ಮಾಡಿದರೆ ಕುರ್ಚಿಗಳ ಜೊತೆ ಸಭೆ ಮಾಡಿದಂತೆ.

ಈಗ ನೀವು ಮಾಡಬೇಕಾದ ಕೆಲಸ ಒಂದೇ. ಸೋಮವಾರ ಮಕ್ಕಳ ಜೊತೆಗೇ ಶಾಲೆಗೆ ಹೋಗಿ ಮುಖ್ಯ ಗುರುಗಳನ್ನು ಕಂಡು, ‘ಮಗನ ನಂಬರಿನ ಕೆಳಗೆ ನನ್ನ ನಂಬರನ್ನೂ ಬರೆದುಕೊಳ್ಳಿ’ ಎಂದು ಹೇಳಿ. ಸಣ್ಣ ಮೊಬೈಲಿಗೆ ವಾಟ್ಸ್‌ಆ್ಯಪ್ ಬಾರದಿದ್ದರೂ ಕರೆ ಬರುತ್ತದೆ. ಮೊಬೈಲಿನಲ್ಲಿ ಚಾರ್ಜ್ ಇಲ್ಲದ ದಿನಕ್ಕಾಗಿ ಪಕ್ಕದ ಮನೆಯವರ ನಂಬರನ್ನೂ ಅವರನ್ನು ಕೇಳಿ ಕೊಟ್ಟಿರಿ. ಶಿಕ್ಷಕರಿಗೂ ಒಂದು ಮಾತು: ಶಾಲೆಯ ಬಾಗಿಲಲ್ಲಿ ಒಂದು ಕರಿಹಲಗೆ, ಅದರ ಮೇಲೆ ವಾರಕ್ಕೊಮ್ಮೆ ಎರಡು ಸಾಲು ಬರೆಯಲು ಯಾವ ಆದೇಶವೂ ಬೇಕಿಲ್ಲ. ನಾನು ಓದಿದ ಊರಿನಲ್ಲಿ ಡಂಗುರ ಹೊಡೆಯುವವನು ಶಾಲೆ ತೆರೆಯುವ ದಿನವನ್ನೂ ಸಾರುತ್ತಿದ್ದ. ನಾವು ಹುಡುಗರು ಅವನನ್ನು ಕಂಡರೆ ಓಡಿಹೋಗುತ್ತಿದ್ದೆವು. ಆದರೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ಯಾರಿಗೂ ಇರಲಿಲ್ಲ.

ಎರಡನೇ ಅವಧಿಯ ಸುದ್ದಿಯನ್ನು ಇಲ್ಲಿಯೇ ಹೇಳುತ್ತೇನೆ, ಮೊಮ್ಮಗಳು ಓದಿ ಹೇಳಲಿ. ಈ ವರ್ಷ ದಸರಾ ರಜೆ ಮುಗಿದು ಅಕ್ಟೋಬರ್ 8ಕ್ಕೆ ಶಾಲೆ ತೆರೆಯಬೇಕಿತ್ತು. ಶಿಕ್ಷಕರು ಜಾತಿ ಗಣತಿಯ ಸಮೀಕ್ಷೆಗೆ ಮನೆ ಮನೆ ತಿರುಗಿದ್ದರಿಂದ ರಜೆ 18ರವರೆಗೆ ಬೆಳೆಯಿತು, ಅದರ ಬೆನ್ನಿಗೇ ದೀಪಾವಳಿ ಬಂತು. ಅದಕ್ಕೂ ಮೊದಲು, ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಉಕ್ಕಿದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹೋದ ದಿನಗಳನ್ನು ತುಂಬಿಕೊಳ್ಳಲು ಹೆಚ್ಚಿನ ತರಗತಿ ನಡೆಸಬೇಕಾಗಿದೆ. ಹುಡುಗಿ ಸಂಜೆ ಸ್ವಲ್ಪ ತಡವಾಗಿ ಬಂದರೆ ಬೈಯುವ ಮೊದಲು ಶಾಲೆಯಲ್ಲಿ ವಿಚಾರಿಸಿ. ಇಲಾಖೆಯ ವೇಳಾಪಟ್ಟಿಯಂತೆ ಶಾಲೆ ನಡೆಯುವುದು ಏಪ್ರಿಲ್ 10ರವರೆಗೆ. ಬಿಸಿಲು ಏರಿದ ಮೇಲೆ ನಮ್ಮ ಕಡೆ ಬೆಳಗಿನ ಶಾಲೆ ಮಾಡುವುದುಂಟು. ಆ ಬದಲಾವಣೆಯ ಸುದ್ದಿಯೂ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ, ಆದ್ದರಿಂದ ನಂಬರಿನ ಕೆಲಸ ಮರೆಯಬೇಡಿ. ಫೆಬ್ರುವರಿಯಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರೆ, ಸಾಮಾನ್ಯವಾಗಿ 10ನೇ ತಾರೀಖು. ಅದು ಅಗಿದು ತಿನ್ನುವ ಮಾತ್ರೆ. ಅಂದು ಹಸಿದ ಹೊಟ್ಟೆಯಲ್ಲಿ ಕಳಿಸಬೇಡಿ. ವಿದ್ಯಾರ್ಥಿವೇತನದ ಅರ್ಜಿ ಹಾಕುವವರು ಆಧಾರ್, ಶಾಲೆಯ ದಾಖಲೆ, ಬ್ಯಾಂಕಿನ ಪಾಸ್‌ಬುಕ್ ಮೂರರಲ್ಲೂ ಮಗುವಿನ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಬೇಕು. ಒಂದರಲ್ಲಿ ‘ಬಸಮ್ಮ’, ಇನ್ನೊಂದರಲ್ಲಿ ‘ಬಸವ್ವ’ ಎಂದಿದ್ದರೆ ಕಂಪ್ಯೂಟರಿಗೆ ಅವರಿಬ್ಬರು ಬೇರೆ ಬೇರೆ ಮಕ್ಕಳು.

ಪುಣೆಯ ಪ್ರಶ್ನೆಗೆ ಬರುತ್ತೇನೆ. ಹೆಸರು ತೆಗೆಯುತ್ತಾರೆಯೇ ಎಂದು ಕೇಳಿದ್ದೀರಿ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಕಾಯ್ದೆ ಹಾಗೆ ಹೇಳುತ್ತದೆ. ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿಸುವುದಾದರೆ ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು. ಪತ್ರ ತಡವಾಯಿತು ಎಂಬ ಕಾರಣಕ್ಕೆ ಅಲ್ಲಿಯವರೂ ಬೇಡ ಎನ್ನುವಂತಿಲ್ಲ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ ನಾಲ್ಕನೇ ತರಗತಿಯ ಹುಡುಗಿಯನ್ನು ಜನವರಿಯಲ್ಲಿ ಮರಾಠಿ ಶಾಲೆಯ ಹಿಂದಿನ ಸಾಲಿನಲ್ಲಿ ಕೂರಿಸಿ ಯೋಚಿಸಿ ನೋಡಿ. ಇಷ್ಟು ಚೆನ್ನಾಗಿ ಪತ್ರ ಬರೆಯುವವಳು ಅಲ್ಲಿ ತನ್ನ ಹೆಸರು ಓದಲೂ ತಡವರಿಸುತ್ತಾಳೆ. ಹೆಚ್ಚಿನ ಮಕ್ಕಳು ಅಷ್ಟು ದೂರವೂ ಹೋಗುವುದಿಲ್ಲ, ಕಟ್ಟಡದ ಬುಡದಲ್ಲಿ ತಮ್ಮನನ್ನು ಎತ್ತಿಕೊಂಡು ನಿಲ್ಲುತ್ತಾರೆ.

ಲೆಕ್ಕವನ್ನೂ ಹೇಳುತ್ತೇನೆ. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಇರುತ್ತವೆ. (ಈ ಹೆಸರಿಟ್ಟವರು ಒಮ್ಮೆ ನಿಮ್ಮ ಅಂಗಳದಲ್ಲಿ ನಿಂತು ಇವನ್ನು ಉಚ್ಚರಿಸಿ ನೋಡಬೇಕಿತ್ತು.) ನಾವು ಸಣ್ಣ ಪರೀಕ್ಷೆ, ದೊಡ್ಡ ಪರೀಕ್ಷೆ ಎನ್ನೋಣ. ಸಣ್ಣದಕ್ಕೆ ನೂರರಲ್ಲಿ 15, ದೊಡ್ಡದಕ್ಕೆ 20ರ ಪಾಲು. ಎರಡನೇ ಅವಧಿಯಲ್ಲಿ ಎರಡು ಸಣ್ಣದು, ಒಂದು ದೊಡ್ಡದು ಬರುತ್ತವೆ. ಕೂಡಿದರೆ 50. ಸಂಕ್ರಾಂತಿಗೆ ಬಸ್ ಹತ್ತಿಸಿದರೆ ಅದರಲ್ಲಿ ದೊಡ್ಡ ಪಾಲನ್ನೇ ಇಲ್ಲಿ ಬಿಟ್ಟು ಹೋದಂತೆ. ನಿಮ್ಮ ಕೈಲಾಗದಿದ್ದರೆ, ಗುಳೆ ಹೋದವರ ಮಕ್ಕಳನ್ನು ಆ ತಿಂಗಳುಗಳ ಮಟ್ಟಿಗೆ ಇಟ್ಟುಕೊಂಡು ಓದಿಸುವ ವಸತಿ ವ್ಯವಸ್ಥೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದೆ. ಹತ್ತಿರದಲ್ಲಿ ಎಲ್ಲಿ ನಡೆಯುತ್ತಿದೆ ಎಂದು ಜೇವರ್ಗಿಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಲು ಮುಖ್ಯ ಗುರುಗಳಿಗೆ ಹೇಳಿ. ಕೈಲಾಗುತ್ತದೆ ಎಂದಾದರೆ ನಿಮ್ಮ ಹತ್ತಿರವೇ ಇರಲಿ. ನನ್ನನ್ನು ಕೇಳಿದರೆ ಅದೇ ಸರಿ, ಮಗನಿಗೂ ಈ ಸಾಲು ಓದಿ ಹೇಳಿ.

ಹತ್ತಿ ಬಿಡಿಸುವುದು, ತೊಗರಿ ರಾಶಿ ಎಲ್ಲ ಇದೇ ಹೊತ್ತಿಗೆ ಬರುತ್ತವೆ. ಎರಡು ಕೈ ಹೆಚ್ಚಿದ್ದರೆ ಚೆನ್ನಾಗಿತ್ತು ಎನಿಸುತ್ತದೆ, ಹುಡುಗಿ ಎರಡು ದಿನ ಮನೆಯಲ್ಲಿದ್ದರೆ ಏನಾಯಿತು ಎಂದೂ ಎನಿಸುತ್ತದೆ. ನನ್ನ ಕಥೆ ಕೇಳಿ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ರಾಶಿಗೆಂದು ಎಂಟು ದಿನ ಹೊಲದಲ್ಲಿ ಉಳಿದೆ. ಕಣದಲ್ಲಿ ಮಲಗಿದ್ದು, ಚಳಿಗೆ ಕಟ್ಟಿಗೆ ಉರಿಸಿ ಕೈಕಾಲು ಕಾಸಿಕೊಂಡಿದ್ದು, ಮುತ್ತ್ಯಾ ಹಸಿ ಕಡಲೆಗಿಡ ಸುಟ್ಟು ಕೊಟ್ಟಿದ್ದು ಇವತ್ತಿಗೂ ಬಾಯಲ್ಲಿದೆ. ಆ ಎಂಟು ದಿನಗಳಲ್ಲಿ ನಮ್ಮ ಮಾಸ್ತರರು ಭಾಗಾಕಾರ ಮುಗಿಸಿಬಿಟ್ಟರು. ನಂತರ ಯಾರೂ ಅದನ್ನು ನನಗೆ ಹಿಂದಿರುಗಿ ಹೇಳಿಕೊಡಲಿಲ್ಲ. ಈಗಲೂ ಪತ್ರಿಕೆಯ ಲೆಕ್ಕ ನೋಡುವವರು ನಾನು ಭಾಗಿಸಿದ್ದನ್ನು ಇನ್ನೊಮ್ಮೆ ಭಾಗಿಸಿಯೇ ನಂಬುತ್ತಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಹೊಲಕ್ಕೆ ಬರಲಿ. ಗಂಟೆ ಹೊಡೆಯುವ ಮೊದಲು ಬೇಡ.

ಸಣ್ಣವನ ಹೋಂವರ್ಕ್ ವಿಷಯದಲ್ಲಿ ಟೀಚರ್ ಮೇಲೆ ಸಿಟ್ಟಾಗಬೇಡಿ. ಒಂದು, ಎರಡನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಬಾರದು ಎಂಬುದೇ ನಿಯಮ. ಅವರು ಓದುವುದು ನಲಿ-ಕಲಿಯಲ್ಲಿ, ಕಾರ್ಡ್ ಹಿಡಿದು, ಗುಂಪಿನಲ್ಲಿ ಕುಳಿತು, ಹಾಡಿ, ಆಡಿ. ಮೈಸೂರು ಕಡೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ಪದ್ಧತಿ ಅದು. ಹೊರಗಿನಿಂದ ನೋಡಿದರೆ ಗದ್ದಲ ಎನಿಸುತ್ತದೆ. ಸಂಜೆ ಅವನಿಗೆ ನಿಮ್ಮಲ್ಲಿರುವ ಒಗಟುಗಳನ್ನು ಹೇಳಿ, ತೊಗರಿ ಕಾಳು ಹತ್ತು ಹತ್ತರಂತೆ ಗುಡ್ಡೆ ಹಾಕಿಸಿ, ಅವನ ಮಟ್ಟಿಗೆ ಅದೇ ಹೋಂವರ್ಕ್.

ಅನ್ನದ ವಿಷಯದಲ್ಲಿ ನಾನು ಅರ್ಧ ನಿಮ್ಮ ಕಡೆ. ರೊಟ್ಟಿ ಇಲ್ಲದ್ದನ್ನು ಊಟ ಎನ್ನಲು ನನಗೂ ಬಾಯಿ ಬರುವುದಿಲ್ಲ. ಡಬ್ಬಿಯಲ್ಲಿ ಒಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಹಾಕಿ ಕಳಿಸಿದರೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ಶಾಲೆಯಲ್ಲಿ ಕೊಡುವುದು ಬರೀ ಅನ್ನವಲ್ಲ. ಸಾಂಬಾರಿನಲ್ಲಿ ಬೇಳೆ, ತರಕಾರಿ ಇರಬೇಕು. 2013ರಿಂದ ಹಾಲು ಕೊಡುತ್ತಿದ್ದಾರೆ, ಈಚೆಗೆ ಕೆಲವು ದಿನ ರಾಗಿ ಮಾಲ್ಟನ್ನೂ ಕೊಡುತ್ತಾರೆ. ಜೊತೆಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. 2002ರಲ್ಲಿ ಬಿಸಿಯೂಟ ಶುರುವಾದಾಗ ಕಲಬುರಗಿ, ಬೀದರ್ ಸೇರಿ ಮೊದಲು ಏಳು ಜಿಲ್ಲೆಗಳಲ್ಲಿ ಒಲೆ ಹೊತ್ತಿಸಿದರು. ಆಗ ಯಾದಗಿರಿ ಇನ್ನೂ ನಮ್ಮ ಜಿಲ್ಲೆಯಲ್ಲೇ ಇತ್ತು. ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣಬಸವೇಶ್ವರರ ಊರಿನವರಿಗೆ ದಾಸೋಹ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಡುಗೆಯವರೂ ನಿಮ್ಮ ಊರಿನವರೇ ಇರುತ್ತಾರೆ. ಒಂದು ದಿನ ಮಧ್ಯಾಹ್ನ ಹೋಗಿ ರುಚಿ ನೋಡಿ, ಉಪ್ಪು ಹೆಚ್ಚಾಗಿದ್ದರೆ ಅಲ್ಲಿಯೇ ಹೇಳಿ ಬನ್ನಿ. ಪೋಷಕರಿಗೆ ಅದಕ್ಕೂ ಹಕ್ಕಿದೆ.

ಇನ್ನು ಪತ್ರದ ಹಿಂಬದಿ. ಆಯಿ, ನೀವು ಹೇಳಿ ಮುಗಿಸಿದ ಮೇಲೆ ಬರೆದವಳು ಹಾಳೆ ತಿರುಗಿಸಿ ತನ್ನ ಲೆಕ್ಕದಲ್ಲಿ ಮೂರು ಸಾಲು ಸೇರಿಸಿದ್ದಾಳೆ. ‘ಮೂರನೇ ಶನಿವಾರ ಬ್ಯಾಗ್ ತರಬೇಡಿ ಎಂದು ಟೀಚರ್ ಹೇಳಿದ್ದಾರೆ. ಆಯಿ ನಂಬುವುದಿಲ್ಲ, ಸುಳ್ಳು ಹೇಳುತ್ತೀ ಎಂದು ಬ್ಯಾಗ್ ಹೊರಿಸಿ ಕಳಿಸುತ್ತಾಳೆ. ನೀವು ಅಚ್ಚು ಹಾಕಿದರೆ ನಂಬುತ್ತಾಳೆ.’

ಅಚ್ಚು ಹಾಕಿದ್ದೇವೆ. ಪ್ರತಿ ತಿಂಗಳ ಮೂರನೇ ಶನಿವಾರ ಸಂಭ್ರಮ ಶನಿವಾರ, ಅಂದು ಬ್ಯಾಗ್ ಇಲ್ಲದೆಯೇ ಶಾಲೆ. ಉಳಿದ ದಿನಗಳಲ್ಲೂ ನಾಲ್ಕನೇ ತರಗತಿಯವಳ ಬ್ಯಾಗ್ ಮೂರು ಕಿಲೊ ದಾಟಬಾರದು, ಸಣ್ಣವನದು ಎರಡು ಕಿಲೊ. ಅನುಮಾನವಿದ್ದರೆ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ ನೋಡಿ. ಡಿಸೆಂಬರ್‌ನಲ್ಲಿ ಮೂರನೇ ಶನಿವಾರ ಬರುವುದು 20ಕ್ಕೆ, ಎಳ್ಳಮಾವಾಸ್ಯೆಯ ಮರುದಿನ. ಅಮಾವಾಸ್ಯೆಯ ದಿನ ಸ್ಥಳೀಯ ರಜೆ ಇದೆಯೇ ಎಂದು ಶಾಲೆಯಲ್ಲಿ ಕೇಳಿಕೊಂಡು, ಮಕ್ಕಳನ್ನು ಹೊಲಕ್ಕೆ ಕರೆದೊಯ್ದು ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬನ್ನಿ. ಮರುದಿನ ಬೆಳಿಗ್ಗೆ ಬ್ಯಾಗ್ ಗೂಟದಲ್ಲೇ ತೂಗಲಿ. ಹಬ್ಬದ ಭಜ್ಜಿ ಪಲ್ಯ ಉಳಿದಿದ್ದರೆ ಎರಡು ಸಜ್ಜೆ ರೊಟ್ಟಿಯ ಜೊತೆ ಡಬ್ಬಿಗೆ ಹಾಕಿಕೊಡಿ.

— ಸಂಪಾದಕ