ಹಳೆಯ 2008 ಆರ್2 ಡೊಮೇನ್‌ಗೆ ಸರ್ವರ್ 2019 ಡೊಮೇನ್ ಕಂಟ್ರೋಲರ್ ಸೇರುತ್ತಿಲ್ಲ, ಏಕೆ?

ವಿಜಯಪುರದ ಮುಖ್ಯ ಕಚೇರಿ, ಜಮಖಂಡಿ ಶಾಖೆ ಎರಡರಲ್ಲೂ ಡೊಮೇನ್ ಕಂಟ್ರೋಲರ್ (ಲಾಗಿನ್ ಪರಿಶೀಲಿಸುವ ಸರ್ವರ್) ವಿಂಡೋಸ್ ಸರ್ವರ್ 2008 ಆರ್2, ಆದರೆ ಡೊಮೇನ್ (ಒಂದೇ ಆಡಳಿತದಡಿಯ ಕಂಪ್ಯೂಟರ್, ಖಾತೆಗಳ ಗುಂಪು) ಮಾತ್ರ ಸರ್ವರ್ 2003 ಕಾಲದ್ದು ಎಂದಿದ್ದೀರಿ. ಹಾಗಿದ್ದರೆ ಅಡ್ಡಿ ಬಹುತೇಕ ಕಂಟ್ರೋಲರ್‌ಗಳ ನಡುವೆ ಫೈಲ್ ನಕಲಿಸುವ ಹಳೆಯ ವ್ಯವಸ್ಥೆಯಾದ ಎಫ್‌ಆರ್‌ಎಸ್‌ನದು. ಸರ್ವರ್ ಬದಲಾದರೂ ಸಿಸ್‌ವಾಲ್ (ಪಾಲಿಸಿ, ಲಾಗಿನ್ ಸ್ಕ್ರಿಪ್ಟ್‌ಗಳಿರುವ ಹಂಚಿಕೆಯ ಫೋಲ್ಡರ್) ತಾನಾಗಿ ಹೊಸ ವ್ಯವಸ್ಥೆಯಾದ ಡಿಎಫ್‌ಎಸ್‌ಆರ್‌ಗೆ ಹೋಗುವುದಿಲ್ಲ. 2019 ಎಫ್‌ಆರ್‌ಎಸ್ ಅನ್ನು ಒಪ್ಪುವುದೇ ಇಲ್ಲ.

ಸಿಸ್ಟಮ್ ಸ್ಟೇಟ್ ಬ್ಯಾಕಪ್ (ಡೈರೆಕ್ಟರಿ ಸೇರಿದ ಬ್ಯಾಕಪ್) ತೆಗೆದು, ಡೊಮೇನ್, ಫಾರೆಸ್ಟ್ (ಡೊಮೇನ್‌ಗಳನ್ನು ಒಳಗೊಂಡ ಮೇಲಿನ ಘಟಕ) ಎರಡರ ಫಂಕ್ಷನಲ್ ಲೆವೆಲ್ (ಯಾವ ಆವೃತ್ತಿಯ ಸೌಲಭ್ಯಗಳು ಎಂಬ ಮಟ್ಟ) ಕನಿಷ್ಠ 2008ಕ್ಕೆ ಏರಿಸಿ. ನಂತರ ಡಿಎಫ್‌ಎಸ್‌ಆರ್‌ಮಿಗ್ ಕಮಾಂಡ್‌ನಲ್ಲಿ ಸೆಟ್‌ಗ್ಲೋಬಲ್‌ಸ್ಟೇಟ್ 1, 2, 3 (ವಲಸೆಯ ಮೂರು ಹಂತಗಳು) ಕ್ರಮವಾಗಿ ಕೊಡಿ. ಪ್ರತಿ ಸಲ ಗೆಟ್‌ಮೈಗ್ರೇಶನ್‌ಸ್ಟೇಟ್ ನೋಡಿ. ಎಲ್ಲ ಕಂಟ್ರೋಲರ್‌ಗಳೂ ಆ ಹಂತ ಮುಟ್ಟಿದ ಮೇಲೇ ಮುಂದಿನದು. 1, 2ರಿಂದ ಹಿಂದೆ ಬರಬಹುದು, 3ರಿಂದ ಇಲ್ಲ.

ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಸೈಟ್‌ಗಳ (ಬೇರೆ ಬೇರೆ ಕಚೇರಿಗಳ ನೆಟ್‌ವರ್ಕ್) ನಡುವಿನ ರೆಪ್ಲಿಕೇಶನ್, ಅಂದರೆ ಡೈರೆಕ್ಟರಿಯ ಬದಲಾವಣೆಗಳ ವಿನಿಮಯ, ಡಿಫಾಲ್ಟ್ ಆಗಿ 180 ನಿಮಿಷಕ್ಕೊಮ್ಮೆ. ಜಮಖಂಡಿ ತಡವಾಯಿತೆಂದು ಗಾಬರಿ ಬೇಡ. ತಕ್ಷಣ ರೆಪ್ಲಿಕೇಟ್ ಮಾಡಿಸುವ ರೆಪ್‌ಅಡ್ಮಿನ್ ಸಿಂಕ್‌ಆಲ್ ಕಮಾಂಡ್ ಕೊಟ್ಟು, ಅಲ್ಲಿಯ ಸರ್ವರ್‌ನಲ್ಲಿ ಡೈರೆಕ್ಟರಿಯನ್ನು ಮತ್ತೆ ಓದಿಸುವ ಡಿಎಫ್‌ಎಸ್‌ಆರ್‌ಡಯಾಗ್ ಪೋಲ್‌ಎಡಿ ಓಡಿಸಿ. ಎಂದೋ ಕೆಟ್ಟು ಮೂಲೆ ಸೇರಿದ ಕಂಟ್ರೋಲರ್‌ನ ಹೆಸರು ಡೈರೆಕ್ಟರಿಯಲ್ಲಿ ಉಳಿದಿದ್ದರಂತೂ ಹಂತ ಮುಗಿಯುವುದೇ ಇಲ್ಲ. ಮೊದಲು ಅದರ ಮೆಟಾಡೇಟಾ (ಡೈರೆಕ್ಟರಿಯಲ್ಲಿ ಉಳಿದ ದಾಖಲೆಗಳು) ಅಳಿಸಿ.

ಹೊಸ ಸರ್ವರ್‌ನ ಡಿಎನ್‌ಎಸ್‌ನಲ್ಲಿ ಹಳೆಯ ಕಂಟ್ರೋಲರ್‌ನ ವಿಳಾಸವೇ ಇರಲಿ, 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್) ಬೇಡ. ಗಡಿಯಾರಗಳ ವ್ಯತ್ಯಾಸ 5 ನಿಮಿಷ ಮೀರಿದರೂ ಲಾಗಿನ್ ದೃಢೀಕರಿಸುವ ಕರ್ಬೆರೋಸ್ ಒಳಗೆ ಬಿಡುವುದಿಲ್ಲ.